ಹಾಜರಿ ಪುಸ್ತಕ ಹೇಳದೇ ಇದ್ದದ್ದು

ಗದಗ ಸೀಮೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಯಲ್ಲಿ 2014ರಿಂದ ಯುವಜನರ ಜವಾಬ್ದಾರಿ ನನ್ನದು. ಶುರುವಿನಲ್ಲಿ 12 ಮಂದಿ. ಕೀಬೋರ್ಡ್, ಡ್ರಮ್, ಆಟ, ಕೂಟ ಮುಗಿದ ಮೇಲೆ ಗಿರ್ಮಿಟ್ಟು-ಮಿರ್ಚಿ. ಒಂದೇ ವರ್ಷದಲ್ಲಿ 60 ಜನ ಆದರು. ಹಾಜರಿ ಪುಸ್ತಕ ಹಿಡಿದು ಸಭಾಪಾಲಕರ ಮುಂದೆ ಹೆಮ್ಮೆಯಿಂದ ನಿಂತಿದ್ದೆ.

ಮರುವರ್ಷ ಅದೇ ಪುಸ್ತಕ ತಿರುವಿದಾಗ ಎದೆ ಧಸಕ್ಕೆಂದಿತು. ದೃಢೀಕರಣ (ಸಭೆಯ ಪೂರ್ಣ ಸದಸ್ಯರಾಗುವ ವಿಧಿ) ಆದವರು, ಪಿಯುಸಿ ಮುಗಿಸಿದವರು, ಅರ್ಧಕ್ಕರ್ಧ ಕಾಣೆ. ಭಾನುವಾರದ ಆರಾಧನೆಗೂ ಇಲ್ಲ. ಬಿಟ್ಟ ಹುಡುಗಿಯೊಬ್ಬಳ ಮನೆಗೇ ಹೋಗಿ ಕೇಳಿದೆ. "ಎಲ್ಲಾ ನೀವ ಮಾಡ್ತೀರಿ ಅಣ್ಣಾರ. ನಾವು ಬಂದು, ಕುಂತು, ಎದ್ದು ಹೋಗೂದಷ್ಟ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಆ ಮಾತು ಬಹಳ ದಿನ ಕಾಡಿತು.

ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಒಕ್ಕಲಿಗ ಬೀಜ ಬಿತ್ತಿ ಮಲಗುತ್ತಾನೆ, ಏಳುತ್ತಾನೆ. ಬೆಳೆ ಅವನಿಗೆ ತಿಳಿಯದ ಹಾಗೆ ಬೆಳೆಯುತ್ತದೆ. ನಮ್ಮ ಎರೆ ಹೊಲದ ಹಿಂಗಾರಿ ಜೋಳವನ್ನು ನೋಡಿದವರಿಗೆ ಇದು ಹೊಸದಲ್ಲ. ಮೇಲೆ ಮಳೆ ಇಲ್ಲದಿದ್ದರೂ ನೆಲದೊಳಗಿನ ಹಸಿ ಅದನ್ನು ಸಾಕುತ್ತದೆ. ನಮ್ಮ ಮಕ್ಕಳಿಗೆ ಆ ಹಸಿ ಸಭೆಯ ಹಿರಿಯರು. ನಾನಾದರೋ ಮಕ್ಕಳನ್ನು ಅವರಿಂದ ದೂರ, ಬೇರೆ ಹಾಲ್‌ನಲ್ಲಿ ಕೂಡಿಸಿದ್ದೆ.

ಅಲ್ಲಿಂದ ತಿಂಗಳಿಗೊಮ್ಮೆ ಇಬ್ಬಿಬ್ಬರು ಒಬ್ಬ ಹಿರಿಯರ ಮನೆಗೆ ಹೋಗತೊಡಗಿದರು. ಕಣ್ಣು ಮಂಜಾದವರಿಗೆ ಸತ್ಯವೇದ ಓದುವುದು, ಅವರಿಂದ ಹಳೆಯ ಹಾಡುಗಳ ರಾಗ ಕಲಿಯುವುದು. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ನಮ್ಮ ಕಡೆಗೆ ಹೇಗೆ ತಲುಪಿತು ಎಂಬುದನ್ನು ನಮ್ಮ ಹುಡುಗರು ಕೇಳಿದ್ದು ಇಂಥ ಜಗಲಿಗಳ ಮೇಲೆ. 18 ತುಂಬದವರ ಜೊತೆ ಇಬ್ಬರು ದೊಡ್ಡವರು ಇರಲೇಬೇಕು, ಮನೆಯವರ ಒಪ್ಪಿಗೆಯೂ ಬೇಕು. ಈ ನಿಯಮದಲ್ಲಿ ಯಾರಿಗೂ ರಿಯಾಯಿತಿ ಕೊಟ್ಟಿಲ್ಲ, ಕೊಡಬಾರದು.

ಸುಗ್ಗಿ ಹಬ್ಬದ ಸವಾಲಿನ (ಹರಾಜಿನ) ಲೆಕ್ಕವನ್ನೂ ಯುವಜನರ ಕೈಗೆ ಕೊಟ್ಟೆವು. ಮೊದಲ ವರ್ಷವೇ 700 ರೂಪಾಯಿ ಕಡಿಮೆ ಬಿತ್ತು. ಲೆಕ್ಕ ಬರೆದ ಹುಡುಗ ಅಳುವ ಹಾಗಾಗಿದ್ದ. ನನ್ನ ಕೈ ಆಗಲೇ ಜೇಬಿಗೆ ಹೋಗಿತ್ತು. ಸಭೆಯ ಹಳೆಯ ಖಜಾಂಚಿ ನನ್ನನ್ನು ತಡೆದು, ಅವನ ಪಕ್ಕ ಕೂತು ಒಂದೊಂದೇ ಚೀಟಿ ನೋಡಿದರು. ಕುಂಬಳಕಾಯಿ, ಎರಡು ಹುಂಜ ಕೂಗಿಕೊಂಡವರು ಹಣ ಕೊಡುವುದೇ ಬಾಕಿ ಇತ್ತು. ರಾತ್ರಿ ಹತ್ತಕ್ಕೆ ಲೆಕ್ಕ ಕೂಡಿತು. ನನ್ನ ಹತ್ತು ಪ್ರಸಂಗಗಳಿಂದ (ಉಪದೇಶಗಳಿಂದ) ಆಗದ್ದು ಅಂದು ಆಯಿತು ಎಂದು ಈಗಲೂ ನಂಬಿದ್ದೇನೆ.

ಕಷ್ಟದ ಪ್ರಶ್ನೆಗಳಿಗೆ ಕೂಟದಲ್ಲಿ ಅರ್ಧ ಗಂಟೆ ಮೀಸಲಿಟ್ಟೆವು. "ಅಷ್ಟು ಪ್ರಾರ್ಥನಾ ಮಾಡಿದ್ರೂ ಅವ್ವ ಯಾಕ ಹೋದ್ಲು?" ಎಂದು ಒಬ್ಬ ಕೇಳಿದ. ನಾನು ವಚನ ಹುಡುಕಲಿಲ್ಲ. ಎಲ್ಲರೂ ಅವನ ಸುತ್ತ ಸುಮ್ಮನೆ ಕೂತೆವು.

ಈಗ ಕೂಟಕ್ಕೆ ಬರುವವರು 35ರ ಆಸುಪಾಸು. ಲೆಕ್ಕ ಬರೆದ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಶನಿವಾರ ರಾತ್ರಿ ತನ್ನ ಪಾಲಿನ ಅಜ್ಜಿಗೆ ಫೋನ್ ಮಾಡಿ ಮರುದಿನದ ಆರಾಧನೆಯ ಸತ್ಯವೇದ ಪಾಠ ಓದುತ್ತಾನೆ. ಹೋದ ತಿಂಗಳು ಆರಾಧನೆ ಮುಗಿದ ಮೇಲೆ ಆ ಅಜ್ಜಿ ನನ್ನನ್ನು ಕರೆದು, "ಅಂವಗ ನೆಗಡಿ ಆಗೇತಿ, ದನಿ ಮ್ಯಾಲೆ ಗೊತ್ತಾತು. ಪ್ರಾರ್ಥನಾ ಮಾಡಪಾ" ಎಂದರು.