ಇಪಿಎಸ್ ಅಂಗವೈಕಲ್ಯ ಪಿಂಚಣಿ: ಶೇಕಡಾ ಲೆಕ್ಕ ಬಿಟ್ಟು ಕೆಲಸದ ದಾಖಲೆ ಹಿಡಿದು ಗೆದ್ದದ್ದು

ಯುಡಿಐಡಿ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ) ಕಾರ್ಡಿನಲ್ಲಿ ಶೇ. 100 ಇಲ್ಲದಿದ್ದರೆ ಇಪಿಎಸ್-95ರ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಅಂಗವೈಕಲ್ಯ ಪಿಂಚಣಿಯ ಆಸೆ ಬಿಡಿ ಎಂದು ಪಿಎಫ್ ಕೆಲಸದಲ್ಲೇ ಪಳಗಿದವರು ಹೇಳುತ್ತಿದ್ದರು. ನಾನು ಒಪ್ಪಲಿಲ್ಲ. ಶೇ. 50, 60ರ ಕಾರ್ಡು ಹಿಡಿದು ಬಂದವರ ಕ್ಲೇಮ್‌ಗಳೇ ಈಗ ನನ್ನ ಕೈಯಲ್ಲಿ ಹೆಚ್ಚು ಮಂಜೂರಾಗುತ್ತಿವೆ. ಕಾರಣ ಆ ಯೋಜನೆಯ ಪ್ಯಾರಾ 15ರಲ್ಲೇ ಇದೆ. ಅಂಗವೈಕಲ್ಯ ಉಂಟಾದಾಗ ಸದಸ್ಯ ಯಾವ ಕೆಲಸ ಮಾಡುತ್ತಿದ್ದನೋ ಆ ಕೆಲಸಕ್ಕೆ ಅವನು ಶಾಶ್ವತವಾಗಿ, ಪೂರ್ತಿಯಾಗಿ ಅಸಮರ್ಥನೇ ಎಂಬುದನ್ನು ಮಾತ್ರ ವೈದ್ಯಕೀಯ ಪರೀಕ್ಷೆ ತೀರ್ಮಾನಿಸಬೇಕು. ಶೇಕಡಾವಾರಿನ ಮಾತು ಅಲ್ಲಿಲ್ಲ. ಹತ್ತು ವರ್ಷ ಸರ್ವಿಸ್ ಬೇಕೆಂಬ ಷರತ್ತೂ ಇಲ್ಲ, ಒಂದು ತಿಂಗಳ ವಂತಿಗೆ ಕಟ್ಟಿದ್ದರೆ ಸಾಕು.

ಹಾಗಾದರೆ ತಿರಸ್ಕಾರ ಯಾಕೆ? ಪರೀಕ್ಷೆ ಮಾಡುವ ವೈದ್ಯಕೀಯ ಬೋರ್ಡಿನ ಮುಂದೆ ಕೆಲಸ ಏನೆಂಬುದು ಬರುವುದೇ ಇಲ್ಲ. ಪವರ್ ಪ್ರೆಸ್ ಆಪರೇಟರನನ್ನೇ ನೋಡಿ. ಒಂದು ಕೈಯ ನಾಲ್ಕು ಬೆರಳು ಹೋದರೆ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಶೇ. 50. ಅಂಗೈಯಿಂದ ಬಟನ್ ಒತ್ತಬಹುದಲ್ಲ ಎಂದು ವೈದ್ಯರು ಕೇಳುವುದು ಸಹಜವೇ. ಆದರೆ ಬಟನ್ ಒತ್ತುವುದು ಆ ಕೆಲಸದ ಸಣ್ಣ ಭಾಗ. ಶೀಟನ್ನು ಬೆರಳಲ್ಲಿ ಹಿಡಿದು ಸ್ಟಾಪರಿಗೆ ಕೂರಿಸಬೇಕು, ಡೈ ಬದಲಿಸುವಾಗ ಒಂದು ಕೈಯಲ್ಲಿ ಕ್ಲಾಂಪ್ ಹಿಡಿದು ಇನ್ನೊಂದರಲ್ಲಿ ಸ್ಪ್ಯಾನರ್ ತಿರುಗಿಸಬೇಕು. ಇದನ್ನು ಬರೆದುಕೊಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಅದಕ್ಕೆ ಒಂದೇ ಪುಟದ ಕೆಲಸದ ವಿವರ, ಕಂಪನಿಯ ಲೆಟರ್‌ಹೆಡ್ಡಿನಲ್ಲಿ, ಸಹಿ ಸೀಲಿನೊಂದಿಗೆ. ಯಾವ ಯಂತ್ರ, ಎಷ್ಟು ಟನ್ನಿನದು, ಶಿಫ್ಟಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಕೆಜಿ ಎಷ್ಟು ಸಲ ಎತ್ತಬೇಕು, ಯಾವ ಕೆಲಸಕ್ಕೆ ಎರಡೂ ಕೈ ಬೇಕೇ ಬೇಕು, ಇಷ್ಟು ಸಾಕು. ಎರಡನೇ ಪುಟಕ್ಕೆ ಹೋದರೆ ಓದುವವರಿಲ್ಲ. ಯಂತ್ರದ ವಿಡಿಯೊ ತೋರಿಸಿಯೂ ನೋಡಿದ್ದಾಯಿತು, ಪ್ರಯೋಜನವಾಗಲಿಲ್ಲ, ಫೈಲಿಗೆ ಅದು ಸೇರುವುದಿಲ್ಲ. ಫಿಸಿಯೊಥೆರಪಿಸ್ಟ್ ಬರೆದುಕೊಟ್ಟ ಹಿಡಿತದ ಅಳತೆ ಮಾತ್ರ ಅನಿರೀಕ್ಷಿತವಾಗಿ ಕೆಲಸಕ್ಕೆ ಬಂತು.

ದೊಡ್ಡ ತೊಡಕು ಹುದ್ದೆಯ ಹೆಸರಿನದು. ಹತ್ತು ವರ್ಷ ಪ್ರೆಸ್ ಓಡಿಸಿದವನು ನೇಮಕ ಪತ್ರದಲ್ಲಿ ‘ಹೆಲ್ಪರ್’ ಆಗಿರುತ್ತಾನೆ. ಹೆಲ್ಪರ್ ಎಂದರೆ ಗುಡಿಸುವ ಕೆಲಸವಾದರೂ ಮಾಡಬಹುದಲ್ಲ ಎಂಬ ಟಿಪ್ಪಣಿ ಬಿದ್ದೇಬಿಡುತ್ತದೆ. ಇಲ್ಲಿ ಇಎಸ್‌ಐಗೆ (ಕಾರ್ಮಿಕರ ವಿಮಾ ನಿಗಮ) ಹೋದ ಅಪಘಾತ ವರದಿಯೇ ಆಧಾರ. ಪೆಟ್ಟಾದಾಗ ಏನು ಮಾಡುತ್ತಿದ್ದ ಎಂಬುದನ್ನು ಅದರಲ್ಲಿ ಮಾಲೀಕರೇ ಬರೆದಿರುತ್ತಾರೆ. ಪೆಟ್ಟಾದ ಮೇಲೆ ಗೇಟಿನಲ್ಲೋ ಸ್ಟೋರಿನಲ್ಲೋ ಕೂರಿಸಿದ್ದರೆ, ಅದು ತಾತ್ಕಾಲಿಕ ವ್ಯವಸ್ಥೆ ಎಂದು ಆಗಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಆ ಹಗುರ ಕೆಲಸವನ್ನೇ ಅವನ ಕೆಲಸ ಎಂದು ಎಣಿಸಿಬಿಡುತ್ತಾರೆ.

ಇನ್ನು ಎಕ್ಸಿಟ್ ದಿನಾಂಕ, ಅಂದರೆ ಪಿಎಫ್ ದಾಖಲೆಯಲ್ಲಿ ನೌಕರಿ ಬಿಟ್ಟ ದಿನ. ಅಂಗವೈಕಲ್ಯ ನೌಕರಿಯಲ್ಲಿದ್ದಾಗಲೇ ಉಂಟಾಗಿರಬೇಕು. ಎಚ್‌ಆರ್‌ನವರು ಕೊನೆಯ ಸಂಬಳದ ತಿಂಗಳನ್ನೇ ಎಕ್ಸಿಟ್ ಎಂದು ಹಾಕಿ, ಕಾರಣಕ್ಕೆ ಸೆಸೇಷನ್ (ಸುಮ್ಮನೆ ಕೆಲಸ ನಿಂತಿತು) ಒತ್ತಿ ಕೈತೊಳೆದುಕೊಳ್ಳುತ್ತಾರೆ. ಶಾಶ್ವತ ಅಂಗವೈಕಲ್ಯ ಎಂಬ ಆಯ್ಕೆ ಅದೇ ಪಟ್ಟಿಯಲ್ಲಿದೆ. ಸಂಬಳವಿಲ್ಲದ ರಜೆಯ ದಿನಗಳನ್ನು ಎನ್‌ಸಿಪಿ (ವಂತಿಗೆ ಇಲ್ಲದ ಅವಧಿ) ಎಂದು ತೋರಿಸಿ, ಎಕ್ಸಿಟ್ ಸರಿಪಡಿಸಲು ಜಾಯಿಂಟ್ ಡಿಕ್ಲರೇಷನ್ (ನೌಕರ, ಮಾಲೀಕ ಸೇರಿ ಕೊಡುವ ತಿದ್ದುಪಡಿ ಅರ್ಜಿ) ಹಾಕಿಸಬೇಕು. ತಿಂಗಳುಗಟ್ಟಲೆ ಹಿಡಿಯುವುದು ಇದೊಂದೇ.

ದುಡ್ಡಿನ ಮಾತಿಗೆ ಬರೋಣ. ಪಿಂಚಣಿ ಸಂಬಳವನ್ನು ಸರ್ವಿಸ್ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಇಲ್ಲಿನ ಲೆಕ್ಕ. 2014ರ ಸೆಪ್ಟೆಂಬರ್ ನಂತರದ ಸರ್ವಿಸ್‌ಗೆ 15,000ದ ಮಿತಿಯಲ್ಲಿ 7 ವರ್ಷಕ್ಕೆ 1,500 ರೂ. ಹಳೆಯ ಕಾಂಟ್ರಾಕ್ಟರನ ಬಳಿಯ 5 ವರ್ಷ ಬೇರೆ ಯುಎಎನ್‌ನಲ್ಲಿ (ಪಿಎಫ್ ಖಾತೆಯ ಸಂಖ್ಯೆ) ಸಿಕ್ಕಿಕೊಂಡಿದ್ದರೆ ಅದನ್ನು ವರ್ಗಾಯಿಸಿ, 2,571 ಆಗುತ್ತದೆ. ತಿಂಗಳಿಗೆ ಸಾವಿರದ ಮೇಲೆ, ಜೀವನಪೂರ್ತಿ. ಹಿಂದೆ ಫಾರಂ 10ಸಿ ಹಾಕಿ ಪಿಂಚಣಿ ಹಣ ತೆಗೆದುಕೊಂಡಿದ್ದರೆ ಆ ವರ್ಷಗಳು ಹೋದಂತೆಯೇ. ಆರು ತಿಂಗಳು ದಾಟಿದ ತುಣುಕು ಇಡೀ ವರ್ಷವಾಗುವುದರಿಂದ ಏಳೆಂಟು ತಿಂಗಳ ಹಳೆಯ ನೌಕರಿಯನ್ನೂ ಬಿಡಬೇಡಿ. ಹಳೆಯ ಕಡೆಯ ಎಕ್ಸಿಟ್, ಹೊಸ ಕಡೆಯ ಸೇರ್ಪಡೆಯ ನಂತರ ಬಿದ್ದಿದ್ದರೆ 2025ರವರೆಗೆ ವರ್ಗಾವಣೆ ನಿಂತುಬಿಡುತ್ತಿತ್ತು, ಈಗ ಅದೊಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ, ಆದರೂ ಮೊದಲು ಅದನ್ನು ನೋಡಿ. ಜೆರಾಕ್ಸ್, ನೋಟರಿ, ಓಡಾಟ ಎಲ್ಲ ಸೇರಿ ಖರ್ಚು ಎರಡು ಮೂರು ಸಾವಿರ ದಾಟುವುದಿಲ್ಲ. ಹಿಂದಿನ ತಿಂಗಳುಗಳ ಪಿಂಚಣಿ ಬಾಕಿಯಲ್ಲಿ ಪಾಲು ಕೇಳುವ ಏಜೆಂಟರಿಗೆ ಕೊಡುವ ಅಗತ್ಯವೇ ಇಲ್ಲ.

50 ದಾಟಿದವರ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಿ. ಬೇಗ ಸಿಗಲಿ ಎಂದು ಪಿಂಚಣಿ ಅರ್ಜಿಯಾದ ಫಾರಂ 10ಡಿಯಲ್ಲಿ ಮುಂಚಿತ ಪಿಂಚಣಿಗೆ ಟಿಕ್ ಹಾಕಿಸುತ್ತಾರೆ. 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟಕ್ಕೂ ವರ್ಷಕ್ಕೆ ಶೇ. 4ರ ಕಡಿತ, ಅದೂ ಕೊನೆಯವರೆಗೆ. ಅಂಗವೈಕಲ್ಯ ಪಿಂಚಣಿಗೆ ಆ ಕಡಿತವಿಲ್ಲ. 51ರ ವಯಸ್ಸಿನವನಿಗೆ ಆ ಒಂದು ಟಿಕ್ಕಿನಿಂದ ಮೇಲಿನ 2,571ರಲ್ಲಿ ಏಳುನೂರರ ಹತ್ತಿರ ಹೋಗುತ್ತದೆ.

ಬೋರ್ಡಿಗೆ ಹೋಗುವ ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇನೆ, ಕವರಿಂಗ್ ಲೆಟರಿನ ಮೊದಲ ಸಾಲು ಏನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಬಳಿಯೇ ಇರಲಿ. ಆದರೆ ಬೋರ್ಡಿನ ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಅಂಗವೈಕಲ್ಯದ ದಿನಾಂಕ ನೋಡಿ. ಪಿಂಚಣಿ ಶುರುವಾಗುವುದು ಅದರ ಮರುದಿನದಿಂದ. ಎಷ್ಟೋ ಸಲ ಪರೀಕ್ಷೆ ಮಾಡಿದ ದಿನವನ್ನೇ ಅಲ್ಲಿ ಬರೆದಿರುತ್ತಾರೆ. ಆಗ ಬಾಕಿಯೂ ಹೋಯಿತು, ದಿನಾಂಕ ಎಕ್ಸಿಟ್ ನಂತರಕ್ಕೆ ಬಿದ್ದರೆ ಕ್ಲೇಮೂ ಹೋಯಿತು. ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ ಜೊತೆಗಿಟ್ಟು ತಿದ್ದುಪಡಿ ಮಾಡಿಸಿಕೊಂಡ ಮೇಲೆಯೇ 10ಡಿ ಸಲ್ಲಿಸಿ.