ಗಂಬೂಟಿನ ಎತ್ತರದ ಬೇಟೆಗಾರ

ಅರೇಬಿಕಾ ಕಾಫಿ ಕುಯ್ಲು ಅರ್ಧ ಮುಗಿದಿತ್ತು. ತೋಡಿನ, ಅಂದರೆ ಸಣ್ಣ ಹಳ್ಳದ, ಪಕ್ಕದ ಸಾಲಿನಲ್ಲಿ ಹಣ್ಣು ಕುಯ್ಯುತ್ತಿದ್ದ ಅಕ್ಕ ಚೀಲವನ್ನು ಅಲ್ಲೇ ಬಿಟ್ಟು ಓಡಿಬಂದರು. "ಅಣ್ಣ, ಅಲ್ಲಿ ಚಿರತೆ ಮರಿ ಉಂಟು. ತಾಯಿ ಹತ್ತಿರವೇ ಇರ್ತದೆ. ನಾಳೆಯಿಂದ ಆ ಸಾಲಿಗೆ ನಾವು ಬರೋದಿಲ್ಲ."

ಡಿಸೆಂಬರ್‌ನಲ್ಲಿ ಈ ಮಾತು ಕೇಳಿದರೆ ಕೊಡಗಿನ ಸುಂಟಿಕೊಪ್ಪದ ಯಾವ ಸಣ್ಣ ಬೆಳೆಗಾರನಿಗೂ ಎದೆ ಧಸಕ್ಕೆನ್ನುತ್ತದೆ. ಹೋಗಿ ನೋಡಿದೆ. ತೋಡಿನ ಕೆಸರಿನಲ್ಲಿ ಹೆಜ್ಜೆ ಇತ್ತು: ಉಗುರಿನ ಗುರುತಿಲ್ಲ, ಗಾತ್ರದಲ್ಲಿ ಮನೆ ಬೆಕ್ಕಿನದಕ್ಕೆ ಸಮ. ಚಿರತೆಬೆಕ್ಕು ಎಂಬ ಕಾಡಿನ ಸಣ್ಣ ಬೆಕ್ಕು ಇರಬೇಕು ಅನ್ನಿಸಿತು. ಮೈತುಂಬ ಚುಕ್ಕಿ ಇರುವುದರಿಂದ ಇದನ್ನು ಚಿರತೆ ಮರಿಯೆಂದು ತಿಳಿಯುವವರು ಬಹಳ. ಆದರೆ ಬಾಯಲ್ಲಿ ಹೇಳಿದರೆ ಕಾರ್ಮಿಕರ ಲೈನ್ ಮನೆಯಲ್ಲಿ ಯಾರು ನಂಬುತ್ತಾರೆ? ಫೋಟೊ ಬೇಕಿತ್ತು, ಅದೂ ಮುಖ ಕಾಣುವಷ್ಟು ಹತ್ತಿರದ್ದು.

ರಾತ್ರಿ ಟಾರ್ಚು ಹಿಡಿದು ಕಾಯುವ ಆಸೆಯನ್ನು ಮೊದಲೇ ಬಿಟ್ಟೆ. ನಮ್ಮ ಕಡೆ ಆನೆ ತೋಟದೊಳಗೇ ಓಡಾಡುತ್ತದೆ. ಅದೂ ಅಲ್ಲದೆ, ಮನುಷ್ಯನ ವಾಸನೆಯಿದ್ದರೆ ಬೆಕ್ಕು ಬರುವುದಿಲ್ಲ. ಹಾಗಾಗಿ ಹಳೆಯ ಡಿಎಸ್‌ಎಲ್‌ಆರ್, 24 ಎಂಎಂ ಲೆನ್ಸ್, ಪ್ರಾಣಿಯ ಮೈಶಾಖ ಗುರುತಿಸಿ ತಾನೇ ಕ್ಯಾಮೆರಾ ಒತ್ತಿಸುವ ಒಂದು ಪಿಐಆರ್ ಸೆನ್ಸರ್, ಎರಡು ಸೆಕೆಂಡ್‌ಹ್ಯಾಂಡ್ ಫ್ಲ್ಯಾಶ್. ನಿಕಾನ್‌ನ ಎಸ್‌ಬಿ-28 ಫ್ಲ್ಯಾಶ್ ಹಳೆಯ ಕಾಲದ್ದಾದರೂ ದಿನಗಟ್ಟಲೆ ಮಲಗಿದ್ದು ಸೆನ್ಸರ್ ಕರೆದ ತಕ್ಷಣ ಏಳುತ್ತದೆ. ಈ ಕೆಲಸಕ್ಕೆ ಅದೇ ಸಾಕು.

ಜಾಗ ಹುಡುಕುವುದಕ್ಕೇ ನಾಲ್ಕು ದಿನ ಹಿಡಿಯಿತು. ತೋಡಿಗೆ ಅಡ್ಡ ಬಿದ್ದ ಹಲಸಿನ ದಿಮ್ಮಿಯ ಮೇಲೆ ಕಾಫಿ ಬೀಜ ತುಂಬಿದ ಹಿಕ್ಕೆ ಸಿಕ್ಕಿದಾಗ ಖುಷಿಯಾಯಿತು. ಆದರೆ ಅದು ಹಣ್ಣು ತಿನ್ನುವ ಕಬ್ಬೆಕ್ಕಿನದು, ಎದ್ದು ಕಾಣುವ ಜಾಗದಲ್ಲೇ ಹಾಕುವುದು ಅದರ ಅಭ್ಯಾಸ. ನನಗೆ ಬೇಕಾದವನ ಹಿಕ್ಕೆ ಸಿಕ್ಕಿದ್ದು ಗದ್ದೆಯ ಬದುವಿನಲ್ಲಿ, ಇಲಿಯ ಕೂದಲು ಹೆಣೆದುಕೊಂಡಿತ್ತು. ಭತ್ತ ಕುಯ್ದ ಮೇಲೆ ಉದುರಿದ ಕಾಳಿಗೆ ಇಲಿ, ಇಲಿಗೆ ಇವನು. ತೋಟದಿಂದ ಗದ್ದೆಗೆ ಇಳಿಯಲು ಆ ದಿಮ್ಮಿಯೇ ಸೇತುವೆ. ಆಮಿಷ ಇಡುವ, ಕೂಗು ಹಾಕಿ ಕರೆಯುವ ಗೋಜಿಗೆ ನಾನು ಹೋಗುವುದಿಲ್ಲ. ದಾರಿ ಗೊತ್ತಾದರೆ ಅದರ ಅಗತ್ಯವೂ ಬೀಳುವುದಿಲ್ಲ.

ಸೆನ್ಸರನ್ನು ದಿಮ್ಮಿಗೆ ಅಡ್ಡಲಾಗಿ ಇಟ್ಟೆ. ಪ್ರಾಣಿ ನೇರ ಎದುರಿಗೆ ಬಂದರೆ ಪಿಐಆರ್‌ಗೆ ಬೇಗ ಗೊತ್ತಾಗುವುದಿಲ್ಲ, ಅಡ್ಡ ಹಾಯ್ದರೆ ಗೊತ್ತಾಗುತ್ತದೆ. ಚಳಿಯಲ್ಲಿ ಸುತ್ತಲಿನ ತಂಪಿಗೂ ಮೈಬಿಸಿಗೂ ಅಂತರ ಹೆಚ್ಚು, ಸೆನ್ಸರ್‌ಗೆ ಇದು ಅನುಕೂಲ. ಫೋಕಸ್‌ಗೆ ದಿಮ್ಮಿಯ ಮೇಲೆ ನನ್ನ ಗಂಬೂಟು ನಿಲ್ಲಿಸಿದೆ. ಬೆಕ್ಕಿನ ಎತ್ತರ ಹೆಚ್ಚುಕಮ್ಮಿ ಅಷ್ಟೇ. ಒಂದು ಮೀಟರ್ ದೂರಕ್ಕೆ ಕೈಯಲ್ಲೇ ಫೋಕಸ್ ಕೂರಿಸಿ, ರಿಂಗಿಗೆ ಟೇಪು ಸುತ್ತಿದೆ. ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಕಿರಿದಾಗಿಸಿದರೆ ಸುಮಾರು ಅರ್ಧ ಮೀಟರ್ ಆಳ ಸ್ಪಷ್ಟ ಸಿಗುತ್ತದೆ. ಫ್ಲ್ಯಾಶ್‌ಗಳನ್ನು 1/16 ಶಕ್ತಿಗೆ ಇಳಿಸಿ, ಲೆನ್ಸಿನಿಂದ ದೂರ, ಎರಡೂ ಬದಿಯಲ್ಲಿ ಮೇಲೆ ಕಟ್ಟಿದೆ. ಹತ್ತಿರವಿದ್ದರೆ ಕಣ್ಣು ಎರಡು ಬಲ್ಬಿನಂತೆ ಹೊಳೆಯುತ್ತದೆ. ಶಕ್ತಿ ಕಡಿಮೆಯಾದಷ್ಟೂ ಮಿಂಚು ಚುಟುಕು, ನಡೆಯುವ ಕಾಲೂ ಅಲುಗದೆ ಬರುತ್ತದೆ.

ಮೊದಲ ವಾರ ಸಿಕ್ಕಿದ್ದು ಬರೀ ಬಿಳಿ. ಬೆಳಿಗ್ಗೆ ಒಂಬತ್ತರ ಮೇಲೆ, ಆನೆ ಇಲ್ಲವೆಂದು ಖಾತ್ರಿಯಾದ ನಂತರ ಹೋಗಿ ಕಾರ್ಡ್ ತೆಗೆದರೆ ಹಾಲು ಚೆಲ್ಲಿದಂತೆ ಎಲ್ಲ ಫ್ರೇಮೂ ಒಂದೇ. ಇಬ್ಬನಿ! ಗದ್ದೆಯ ಕಡೆ ಬಯಲು, ನಿರ್ಮಲ ಆಕಾಶಕ್ಕೆ ಗಾಜು ತನ್ನ ಬಿಸಿ ಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ನೀರು ಕೂರುತ್ತದೆ. ಆ ದಿನಗಳಲ್ಲಿ ಬೆಳಗಿನ ಜಾವ ನಮ್ಮ ಜಗಲಿಯ ಥರ್ಮಾಮೀಟರ್ 12 ಡಿಗ್ರಿ ತೋರಿಸುತ್ತಿತ್ತು. ತೇವ ಹೀರುವ ಸಿಲಿಕಾ ಜೆಲ್ ಕ್ಯಾಮೆರಾ ಪೆಟ್ಟಿಗೆಯ ಒಳಗಿನ ತೇವಕ್ಕೆ ಸರಿ, ಹೊರಗಿನ ಗಾಜಿಗೆ ಏನೂ ಮಾಡಲಿಲ್ಲ. ಕ್ಯಾಮೆರಾವನ್ನು ದಿಮ್ಮಿಯ ಇನ್ನೊಂದು ತುದಿಗೆ, ಹಲಸಿನ ನೆರಳು ದಟ್ಟವಾಗಿರುವಲ್ಲಿಗೆ ಒಯ್ದೆ, ಉದ್ದದ ಹುಡ್ ಹಾಕಿದೆ. ನಕ್ಷತ್ರ ನೋಡುವವರು ದೂರದರ್ಶಕಕ್ಕೆ ಸುತ್ತುವ ಬಿಸಿಪಟ್ಟಿಯನ್ನು ಪವರ್‌ಬ್ಯಾಂಕಿಗೆ ಸಿಕ್ಕಿಸಿ ಲೆನ್ಸಿನ ಬಾಯಿಗೆ ಕಟ್ಟಿದೆ. ಎಲೆ ಆಕಾಶವನ್ನು ಮುಚ್ಚಿದರೆ ಅರ್ಧ ಕೆಲಸ ಆದಂತೆ, ಉಳಿದರ್ಧ ಆ ಪಟ್ಟಿ ಮಾಡಿತು.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗುಂಡು, ಆಮೇಲೆ ಪಟಾಕಿ. ಕಾರ್ಡಿನಲ್ಲಿ ಒಂದೇ ಒಂದು ಚಿತ್ರವಿರಲಿಲ್ಲ. 

ಹನ್ನೊಂದನೇ ರಾತ್ರಿ, ಎರಡು ಗಂಟೆ ನಲವತ್ತು ನಿಮಿಷಕ್ಕೆ ಬಂದ. ದಿಮ್ಮಿಯ ಮೇಲೆ ಮುಂಗಾಲು ಎತ್ತಿದ್ದಾನೆ. ಕಣ್ಣಿನ ಒಳಮೂಲೆಯಿಂದ ಹಣೆಗೆ ಏರುವ ಎರಡು ಬಿಳಿ ಗೆರೆ, ಹೊರಳಿದ ಕಿವಿಯ ಹಿಂದೆ ಕಪ್ಪಿನ ನಡುವೆ ಬಿಳಿ ಚುಕ್ಕೆ. ಮೀಸೆಯ ತುದಿಯಲ್ಲಿ ನೀರಿನ ಹನಿ. ಚಿರತೆಗಿರುವಂಥ ಗುಲಾಬಿ ಎಸಳಿನ ಜೋಡಣೆಯಲ್ಲ, ಗಟ್ಟಿ ಚುಕ್ಕಿಗಳು. ಕಾಲು ಮನೆ ಬೆಕ್ಕಿಗಿಂತ ಉದ್ದ.

ಇವನು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದ್ದಾನೆ. ಹುಲಿಗೆ ಇರುವ ರಕ್ಷಣೆಯೇ. ಇದೆಲ್ಲ ನಾನು ನಮ್ಮ ತೋಟದೊಳಗೇ ಮಾಡಿದ್ದು. ಅಭಯಾರಣ್ಯದಲ್ಲಿ ಇಲಾಖೆಯ ಅನುಮತಿಯಿಲ್ಲದೆ ಇಂಥ ಕ್ಯಾಮೆರಾ ಇಡುವಂತಿಲ್ಲ.

ಪ್ರಿಂಟ್ ತೆಗೆಸಿ ಆ ಅಕ್ಕನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಇದಾ? ಕಳೆದ ತಿಂಗಳು ನನ್ನ ಹೇಂಟೆ ಹೊತ್ತುಕೊಂಡು ಹೋದದ್ದು ಇದೇ. ನಿಮ್ಮ ತೋಟದ್ದಲ್ವಾ ಅಣ್ಣ, ದುಡ್ಡು ಯಾರು ಕೊಡ್ತಾರೆ?"

ಹೇಂಟೆಗೆ ದುಡ್ಡು ಕೊಟ್ಟೆ. ಸೋಮವಾರ ತೋಡಿನ ಸಾಲು ಕುಯ್ದರು.