ಮೈಗೆ ಕೈ ಹಚ್ಚುವ ಮುನ್ನ ಗುಳಿಗೆಯ ಚೀಲ ಬಿಚ್ಚಿಸಿ

ರಾಯಚೂರು, ಕೊಪ್ಪಳ ಸೀಮೆಯಲ್ಲಿ ಫಿಸಿಯೋಥೆರಪಿಗೆ ಬರುವ ಹಿರಿಯರು ತಮ್ಮ ಗುಳಿಗೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುವುದು ವಾಡಿಕೆ. ಅಂಗಡಿಯವರು ನಾಲ್ಕೈದು ಗುಳಿಗೆಯಷ್ಟೇ ಕತ್ತರಿಸಿ ಕೊಟ್ಟಿದ್ದರೆ ಹಾಳೆಯ ಮೇಲೆ ಔಷಧದ ಅರ್ಧ ಹೆಸರು ಉಳಿದಿರುತ್ತದೆ. ಔಷಧ ಬರೆಯುವುದಾಗಲಿ, ಬದಲಿಸುವುದಾಗಲಿ, ನಿಲ್ಲಿಸುವುದಾಗಲಿ ಫಿಸಿಯೋಥೆರಪಿ ಮಾಡುವ ನಮ್ಮ ಕೆಲಸವಲ್ಲ. ಆದರೆ ಈ ದಿನ ಎಷ್ಟು ನಡೆಸಬೇಕು, ಎಲ್ಲಿ ಒತ್ತಬಾರದು, ಯಾವ ಹೊತ್ತಿಗೆ ಕರೆಯಬೇಕು ಎಂಬುದಕ್ಕೆ ಉತ್ತರ ಬಹಳ ಸಲ ಆ ಚೀಲದಲ್ಲೇ ಇರುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲಿಯೇ, "ಅವ್ವಾರ, ಮುಂಜಾನಿ ಯಾವ ಗುಳಿಗಿ ತಗೊಂಡ್ರಿ? ಎಷ್ಟೊತ್ತಿಗೆ? ಉಂಡು ತಗೊಂಡ್ರೋ, ಉಣ್ಣದ ತಗೊಂಡ್ರೋ?" ಎಂದು ಕೇಳಿ, ಕಂಪನಿಯ ಹೆಸರಿನ ಬದಲು ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರನ್ನು ಬರೆದುಕೊಳ್ಳಿ.

ಹೃದಯದ ಔಷಧಗಳಿಂದ ಆರಂಭಿಸೋಣ. ಸಿಂಧನೂರು ಕಡೆಯ ರೈತರೊಬ್ಬರನ್ನು ನಾನು ನಡಿಗೆ ಯಂತ್ರದ ಮೇಲೆ ನಡೆಸುತ್ತಿದ್ದಾಗ ಅವರ ನಾಡಿ 90 ದಾಟಲೇ ಇಲ್ಲ. ಇನ್ನೂ ಶ್ರಮವಾಗಿಲ್ಲವೆಂದು ವೇಗ ಹೆಚ್ಚಿಸಿದೆ. ಸ್ವಲ್ಪ ಹೊತ್ತಿನಲ್ಲಿ ಅವರ ಹಣೆ ಬೆವೆತು, ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂತು. ಇಳಿಸಿ, ಕೂರಿಸಿ, ಚೀಲ ಬಿಚ್ಚಿಸಿದರೆ ಅದರಲ್ಲಿ ಮೆಟೊಪ್ರೊಲೋಲ್ ಇತ್ತು. ಆ ಚೀಲವನ್ನು ನಾನು ಮೊದಲೇ ನೋಡಬೇಕಿತ್ತು. ಮೆಟೊಪ್ರೊಲೋಲ್, ಅಟೆನೊಲೋಲ್‌ನಂತಹ ಬೀಟಾ ಬ್ಲಾಕರ್‌ಗಳು ಹೃದಯಬಡಿತವನ್ನು ಏರಗೊಡುವುದಿಲ್ಲವಾದ್ದರಿಂದ, ಗರಿಷ್ಠ ಹೃದಯಬಡಿತ ತಿಳಿಯಲು 220ರಿಂದ ವಯಸ್ಸನ್ನು ಕಳೆಯುವ ಲೆಕ್ಕವನ್ನು ಇವರಿಗೆ ಅನ್ವಯಿಸಬಾರದು. 6ರಿಂದ 20ರವರೆಗಿನ ಬೋರ್ಗ್ ಅಳತೆಯಲ್ಲಿ ಶ್ರಮವನ್ನು ಅವರ ಬಾಯಿಂದಲೇ ಹೇಳಿಸಿ, 11ರಿಂದ 13ರ ಆಸುಪಾಸಿನಲ್ಲಿ ನಿಲ್ಲಿಸುವುದು ಕ್ಷೇಮ.

ರಕ್ತದೊತ್ತಡದ ಗುಳಿಗೆಗಳಲ್ಲಿ ಅಮ್ಲೋಡಿಪಿನ್ ಕಣಕಾಲಿನ ಊತಕ್ಕೆ ಕಾರಣವಾಗಬಲ್ಲದು. ಪ್ರಾಜೋಸಿನ್ ಹಾಗೂ ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ ಎದ್ದು ನಿಂತಾಗ ತಲೆಸುತ್ತು ತರಬಲ್ಲವು. ಮಲಗಿಸಿ ಒತ್ತಡ ಅಳೆಯಿರಿ. ನಿಲ್ಲಿಸಿ 3 ನಿಮಿಷದೊಳಗೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಆ ದಿನ ನಿಂತು ಮಾಡುವ ವ್ಯಾಯಾಮ ಬೇಡ. ನಮ್ಮ ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುತ್ತದೆ. ಬಸ್ಸಿನಲ್ಲಿ ಬೆವರಿ ಬಂದವರು ಫ್ಯುರೋಸೆಮೈಡ್ ಮತ್ತು ರಕ್ತದೊತ್ತಡದ ಎನಾಲಪ್ರಿಲ್ ಜೊತೆಗೆ ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ಅನ್ನೂ ನುಂಗುತ್ತಿದ್ದರೆ ಮೂತ್ರಪಿಂಡಕ್ಕೆ ದೊಡ್ಡ ಅಪಾಯ. ಅಂಥವರನ್ನು ತಡಮಾಡದೆ ವೈದ್ಯರ ಬಳಿ ಕಳಿಸಿ.

ಸಕ್ಕರೆ ಕಾಯಿಲೆಯ ಔಷಧಗಳೆಲ್ಲ ಒಂದೇ ಬಗೆಯವಲ್ಲ. ಮೆಟ್‌ಫಾರ್ಮಿನ್ ಒಂದರಿಂದಲೇ ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯುವುದು ಅಪರೂಪ; ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮತ್ತು ಇನ್ಸುಲಿನ್ ಹಾಗಲ್ಲ. ಶ್ರಾವಣದ ಉಪವಾಸವಿರಲಿ, ರಂಜಾನ್ ರೋಜಾ ಇರಲಿ, ಉಣ್ಣದೆಯೂ ಗುಳಿಗೆ ತಪ್ಪಿಸದವರು ಇದ್ದಾರೆ. ಉಂಡು ಬಂದಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಇನ್ಸುಲಿನ್ ಅನ್ನು ತೊಡೆಗೆ ಚುಚ್ಚಿಕೊಂಡು ಬಂದವರಿಗೆ ಅದೇ ಕಾಲಿನಿಂದ ಸೈಕಲ್ ತುಳಿಸಿದರೆ, ಆ ಜಾಗಕ್ಕೆ ಶಾಖ ಕೊಟ್ಟರೆ ಅಥವಾ ತಿಕ್ಕಿದರೆ ಔಷಧ ನಿರೀಕ್ಷೆಗಿಂತ ಬೇಗ ರಕ್ತಕ್ಕೆ ಸೇರುತ್ತದೆ. ಮೊದಲೇ ಅಳೆದಾಗ ಸಕ್ಕರೆ 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನಿಸಿ ಆರಂಭಿಸಿ. 70ಕ್ಕಿಂತ ಇಳಿದರೆ ನಿಲ್ಲಿಸಿ, 15 ಗ್ರಾಂ ಗ್ಲೂಕೋಸ್ ಕರಗಿಸಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ಅಳೆಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿ. ವೋಗ್ಲಿಬೋಸ್ ತೆಗೆದುಕೊಳ್ಳುವವರ ಕರುಳಿನಲ್ಲಿ ಅಡುಗೆಮನೆಯ ಸಕ್ಕರೆ ಬೇಗ ಒಡೆಯುವುದಿಲ್ಲ, ಆದ್ದರಿಂದ ಗ್ಲೂಕೋಸ್ ಪುಡಿಯನ್ನೇ ಮೇಜಿನ ಮೇಲೆ ಇಟ್ಟುಕೊಂಡಿರಬೇಕು. ಬೀಟಾ ಬ್ಲಾಕರ್ ಜೊತೆಗಿದ್ದರೆ ಸಕ್ಕರೆ ಇಳಿದಾಗ ಕಾಣುವ ಎದೆಬಡಿತ, ನಡುಕ ಎರಡೂ ಮರೆಯಾಗಬಹುದು. ಆಗ ಬೆವರನ್ನು ಗಮನಿಸಬೇಕು.

ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿನೋಕೌಮರಾಲ್ (ಕಂಪನಿಯ ಹೆಸರು ಅಸಿಟ್ರೋಮ್) ಇರುವವರಿಗೆ ಆಳವಾದ ಉಜ್ಜುವಿಕೆ, ಕಪ್ಪಿಂಗ್ (ಬಟ್ಟಲು ಹಚ್ಚಿ ಚರ್ಮ ಹೀರಿಸುವ ಚಿಕಿತ್ಸೆ) ಬೇಡ. ತೋಳಿನ ಮೇಲೆ ಹೊಸ ಕಂದುಗಟ್ಟಿದ ಕಲೆ, ಹಲ್ಲುಜ್ಜುವಾಗ ರಕ್ತ, ಕಪ್ಪು ಮಲ ಇವೆಯೇ ಎಂದು ಪ್ರತಿ ಭೇಟಿಯಲ್ಲಿ ಕೇಳಿ. ಬಹುಕಾಲ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಸೇವಿಸಿದವರ ಮೂಳೆ ಟೊಳ್ಳಾಗಿ, ಚರ್ಮ ತೆಳುವಾಗಿ, ತೊಡೆ ಮತ್ತು ಭುಜದ ಸ್ನಾಯುಗಳು ಸೊರಗಿರುತ್ತವೆ; ಅವರ ಬೆನ್ನುಮೂಳೆಯನ್ನು ಬಲವಾಗಿ ಒತ್ತಬಾರದು. ಲೀವೋಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ತೆಗೆದುಕೊಂಡವರಿಗೆ ಹಿಮ್ಮಡಿಯ ಹಿಂದೆ ನೋವು ಎದ್ದರೆ ಹಿಗ್ಗಿಸುವ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಿ, ಏಕೆಂದರೆ ಈ ಗುಂಪಿನ ಔಷಧಗಳಿಂದ ಸ್ನಾಯುರಜ್ಜು ಹರಿಯುವ ಅಪಾಯವಿದೆ; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿಯೇ ಈ ಬಗ್ಗೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿದೆ. ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಇದ್ದು, ವ್ಯಾಯಾಮಕ್ಕೆ ಮೀರಿದ ಸ್ನಾಯುನೋವಿನ ಜೊತೆ ಮೂತ್ರ ಕಪ್ಪಾದರೂ ಹಾಗೆಯೇ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ನೋವಿನ ಗುಳಿಗೆ ಕೆಲಸ ಮಾಡುತ್ತಿರುವಾಗ ಕಾಣುವ ಚಲನೆಯನ್ನು ಪೂರ್ಣ ಚೇತರಿಕೆಯೆಂದು ಬರೆದುಕೊಳ್ಳಬೇಡಿ. ಪಾರ್ಕಿನ್‌ಸನ್ ರೋಗಿಗೆ ಲೆವೊಡೋಪಾ ನುಂಗಿದ ಸುಮಾರು 1 ಗಂಟೆಯ ನಂತರದ ಸಮಯ ಕೊಟ್ಟರೆ ಅದೇ ವ್ಯಕ್ತಿ ಬೇರೆಯೇ ರೀತಿ ನಡೆಯುವುದನ್ನು ಕಾಣುವಿರಿ. ಲಕ್ವಾ ಹೊಡೆದವರ ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ನಿದ್ದೆ ತರುತ್ತದೆಂದು ಮನೆಯವರು ತಾವೇ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಈ ಮಾತನ್ನು ರೋಗಿಯ ಜೊತೆ ಬಂದ ಮಗನಿಗೋ ಸೊಸೆಗೋ ಬಿಡಿಸಿ ಹೇಳಿ.

ವೈದ್ಯರಿಗೆ ಚೀಟಿ ಕಳಿಸುವಾಗ "ತಲೆಸುತ್ತು" ಎಂದಷ್ಟೇ ಬರೆಯದೆ, ಗುಳಿಗೆಯ ಹೆಸರು, ನುಂಗಿದ ಸಮಯ, ಮಲಗಿದಾಗ ಮತ್ತು ನಿಂತಾಗ ಅಳೆದ ಒತ್ತಡ, ನಾಡಿ, ಆಗ ಮಾಡಿಸುತ್ತಿದ್ದ ವ್ಯಾಯಾಮ ಇಷ್ಟನ್ನೂ ಬರೆದು, ರೋಗಿಯ ಆ ಪ್ಲಾಸ್ಟಿಕ್ ಚೀಲವನ್ನೂ ಜೊತೆಗೆ ಒಯ್ಯಲು ಹೇಳಿ.